ಎಡಗೈ ಮೇಲಿನ ಏಳು ಮಿಲಿಮೀಟರ್

ನಮ್ಮ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಇನ್ನೊಬ್ಬರು ತಿರುಗಿ ನೋಡುತ್ತಿರಲಿಲ್ಲ. ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಮನೆ ಮಾಡಿದವರಿಗೆ ಕೆಮ್ಮು ಎಂದರೆ ಪಕ್ಕದ ಮನೆಯ ಕುಕ್ಕರ್ ಸೀಟಿ ಇದ್ದ ಹಾಗೆ, ಕೇಳಿಸಿದರೂ ಗಮನಕ್ಕೆ ಬರುವುದಿಲ್ಲ. ಸಂಜೆ ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸಿತೆಂದರೆ ಮೂಗಿಗೆ ಘಾಟು ಅಡರುತ್ತದೆ. ಆಗ ಅತ್ತೆ ಒಂದೊಂದೇ ಕಿಟಕಿಯ ಗಾಜು ಎಳೆದು, ಸಂದಿಗೆ ಹಳೆಯ ಪಂಚೆಯ ತುಂಡು ತುರುಕಿ, "ಆಯ್ತು, ಇನ್ನು ಉಸಿರಾಡಿ" ಎನ್ನುತ್ತಿದ್ದರು. ನಾನು ಮೈಸೂರಿನವಳು, ಕಿಟಕಿ ಮುಚ್ಚಿದರೆ ನನಗೆ ತಲೆನೋವು. ಆದರೆ ಮದುವೆಯಾಗಿ ಬಂದ ವರ್ಷವೇ ಈ ವಿಷಯದಲ್ಲಿ ಸೋತು ಸುಮ್ಮನಾಗಿದ್ದೆ.

ಹಾಗಾಗಿ ಮಾವ ಕೆಮ್ಮತೊಡಗಿದಾಗ ನಾವೆಲ್ಲ ಬೈದದ್ದು ಗಾಳಿಯನ್ನು. ಮಾವ ಉಡುಪಿ ಕಡೆಯವರು, ಅಂಬರನಾಥದ ಒಂದು ಹೋಟೆಲಿನಲ್ಲಿ ಆಯುಷ್ಯವಿಡೀ ಮ್ಯಾನೇಜರಾಗಿದ್ದು ಮನೆಯಲ್ಲಿ ಕುಳಿತು ಎರಡು ವರ್ಷವಾಗಿತ್ತು. ನನ್ನ ಗಂಡ, ನಾನು ಇಬ್ಬರೂ ಕೆಲಸಕ್ಕೆ ಹೋಗುವವರು. ನನ್ನದು ಐರೋಲಿಯ ಒಂದು ಆಫೀಸು. ವಿಮೆಯ ಅರ್ಜಿಗಳಲ್ಲಿ ಒಂದು ಕಡೆ ಬರೆದ ಅಂಕಿಗೂ ಇನ್ನೊಂದು ಕಡೆ ಬರೆದ ಅಂಕಿಗೂ ತಾಳೆ ಇದೆಯೇ ಎಂದು ನೋಡುವುದು ಕೆಲಸ. ಆರು ವರ್ಷದ ಮಗಳು ಶಾಲೆಯಿಂದ ಬಂದರೆ ಸಂಜೆಯವರೆಗೆ ಅಜ್ಜನ ಪಾಲು. ಊಟ ಅವರ ಜೊತೆ, ಮಧ್ಯಾಹ್ನದ ನಿದ್ದೆ ಅವರ ಹಾಸಿಗೆಯಲ್ಲಿ, ಅವರ ತೋಳಿನ ಮೇಲೆ. ಕಿಟಕಿಗಳೆಲ್ಲ ಭದ್ರ.

ಕೆಮ್ಮು ಎರಡು ತಿಂಗಳಾಯಿತು. ಮಾವನ ಅಂಗಿ ಹೆಗಲಿನಿಂದ ಜಾರತೊಡಗಿತು. "ಹೋಟೆಲಿನ ಊಟ ಬಿಟ್ಟದ್ದಕ್ಕೆ ಸ್ವಲ್ಪ ಇಳಿದಿದ್ದೇನೆ, ಅಷ್ಟೇ" ಎಂದು ಅವರೇ ನಗುತ್ತಿದ್ದರು. ಕೊನೆಗೆ ಗಂಡ ಒತ್ತಾಯ ಮಾಡಿ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿದ. ಟಿಬಿ ಎಂದು ಬಂತು.

ಅತ್ತೆ ಮಾಡಿದ ಮೊದಲ ಕೆಲಸವೆಂದರೆ ಮಾವನ ಸ್ಟೀಲ್ ತಟ್ಟೆ, ಲೋಟಗಳ ಹಿಂಭಾಗಕ್ಕೆ ಮೊಳೆಯಿಂದ ಗೀರಿ ಗುರುತು ಮಾಡಿ ಬೇರೆ ಇಟ್ಟದ್ದು. ಔಷಧಿ ಕೊಡುವ ಕೇಂದ್ರದ ಡಾಕ್ಟರರು ಅದನ್ನು ಕೇಳಿ ತಲೆ ಅಲ್ಲಾಡಿಸಿದರು. ಇದು ತಟ್ಟೆಯಿಂದ ಬರುವುದಲ್ಲ, ಗಾಳಿಯಿಂದ ಬರುವುದು, ಮೊದಲು ಮನೆಯ ಕಿಟಕಿ ತೆಗೆದಿಡಿ ಎಂದರು. ಮನೆಗೆ ಬಂದು ನಾನು ಹೇಳಿದಾಗ ಅತ್ತೆ ಕಣ್ಣರಳಿಸಿ ಕೇಳಿದರು.

"ಕಿಟಕಿ ತೆಗೆದ್ರೆ ಕಂಪನಿಯ ಗ್ಯಾಸ್ ಒಳಗೆ ಬರ್ತದಲ್ಲ? ಮುಚ್ಚಿದ್ರೆ ಇವರ ಕೆಮ್ಮು ಒಳಗೇ ಉಳೀತದೆ ಅಂತೀರಿ. ಹಾಗಾದ್ರೆ ನಾವು ಎಲ್ಲಿಂದ ಉಸಿರಾಡುವುದು ಮಾರಾಯ್ತಿ?"

ನಾನು ಸಂದಿಗಳಿಂದ ಪಂಚೆಯ ತುಂಡುಗಳನ್ನು ಕಿತ್ತು ಬಿಸಾಡಿದೆ. ಮಾವ ತಾವಾಗಿಯೇ ತಮ್ಮ ಹಾಸಿಗೆ ಸುತ್ತಿಕೊಂಡು ಗ್ರಿಲ್ ಹಾಕಿದ ಬಾಲ್ಕನಿಗೆ ಹೋದರು. ಮುಖಕ್ಕೆ ಮಾಸ್ಕ್ ಕಟ್ಟಿ, "ಪುಟ್ಟಿ ಇಲ್ಲಿಗೆ ಬರುವುದು ಬೇಡ" ಎಂದರು. ಮಗಳು ಬಾಲ್ಕನಿಯ ಹೊಸ್ತಿಲ ಈಚೆ ಕುಳಿತು ಅಳುತ್ತಿದ್ದಳು. ಸುಳ್ಳೇಕೆ, ಆ ದಿನಗಳಲ್ಲಿ ನನಗೆ ಮಾವನ ಮೇಲೆ ಸಿಟ್ಟಿತ್ತು. ಅವರದು ತಪ್ಪೇನೂ ಇರಲಿಲ್ಲ. ಸಿಟ್ಟಂತೂ ಇತ್ತು.

ಮಗಳನ್ನು ಠಾಣೆಯ ಘೋಡಬಂದರ್ ರಸ್ತೆಯಲ್ಲಿರುವ ಮಕ್ಕಳ ಡಾಕ್ಟರ್ ಬಳಿ ಕರೆದುಕೊಂಡು ಹೋದೆವು. ಅವರು ಮಗುವಿನ ಎದೆಗೆ ಕಿವಿಗೊಟ್ಟರು, ತೂಕ ನೋಡಿದರು, ಎಕ್ಸ್‌ರೇ ತೆಗೆಸಿದರು. ಎಲ್ಲ ಸರಿಯಾಗಿತ್ತು. "ಈಗ ಕಾಯಿಲೆ ಇಲ್ಲ. ಆದರೆ ಆ ಕ್ರಿಮಿ ಮೈಯೊಳಗೆ ಹೊಕ್ಕು ಸುಮ್ಮನೆ ಮಲಗಿದೆಯಾ ಅನ್ನೋದು ಎಕ್ಸ್‌ರೇಯಲ್ಲಿ ಕಾಣೋದಿಲ್ಲ" ಎಂದು ಹಿಂದಿಯಲ್ಲಿ ವಿವರಿಸಿದರು. ಹೊಕ್ಕಿದ್ದರೆ ಅದು ಏಳದ ಹಾಗೆ ಆರು ತಿಂಗಳು ಮಾತ್ರೆ ಕೊಡಬೇಕು. ಐದು ವರ್ಷದ ಒಳಗಿನ ಮಗುವಾಗಿದ್ದರೆ ಪರೀಕ್ಷೆಯಿಲ್ಲದೆಯೇ ಕೊಟ್ಟುಬಿಡುತ್ತಿದ್ದೆ, ಇವಳಿಗೆ ಆರು ವರ್ಷ, ಚರ್ಮದ ಪರೀಕ್ಷೆ ಮಾಡಿ ನೋಡೋಣ ಎಂದರು. ಅದೇ ಮಾಂಟೂ ಟೆಸ್ಟ್. ಕ್ರಿಮಿ ಹೊಕ್ಕಿದ್ದರೆ ಚುಚ್ಚಿದ ಜಾಗ ಊದಿ ಗಟ್ಟಿಯಾಗುತ್ತದಂತೆ.

ಗುರುವಾರ ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ ಹತ್ತಿರದ ಲ್ಯಾಬಿನಲ್ಲಿ ಅವಳ ಎಡಗೈಗೆ ಸೂಜಿ ಚುಚ್ಚಿದರು. ಚರ್ಮದ ಪದರದಲ್ಲೇ ಒಂದು ಹನಿ ಬಿಟ್ಟರು, ಸೊಳ್ಳೆ ಕಚ್ಚಿದ ಹಾಗೆ ಚಿಕ್ಕ ಗುಳ್ಳೆ ಎದ್ದಿತು. ಸುತ್ತ ಪೆನ್ನಿನಿಂದ ಒಂದು ವೃತ್ತ ಬರೆದು ಟೆಕ್ನಿಶಿಯನ್ ಎಚ್ಚರಿಸಿದ. ಉಜ್ಜಬಾರದು, ತುರಿಸಬಾರದು, ಎಣ್ಣೆ, ಅರಿಶಿನ, ಮುಲಾಮು ಏನನ್ನೂ ಹಚ್ಚಬಾರದು. ಎರಡು ದಿನ ಬಿಟ್ಟು, ಮೂರು ದಿನ ಮುಗಿಯುವುದರೊಳಗೆ ತೋರಿಸಬೇಕು. ಮನೆಗೆ ಬಂದು ನಾನೇ ಇದನ್ನೆಲ್ಲ ಎಲ್ಲರಿಗೂ ಜೋರಾಗಿ ಹೇಳಿದೆ, ಬಾಲ್ಕನಿಗೂ ಕೇಳಿಸುವ ಹಾಗೆ.

ಶುಕ್ರವಾರ ಸಂಜೆಗೆ ಅದು ಕೆಂಪಗೆ ಹರಡಿತ್ತು. ಗಂಡ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದ. ಫೋಟೋದಲ್ಲಿ ಬಣ್ಣ ಕಾಣುತ್ತದೆ, ಗಟ್ಟಿ ಕಾಣುವುದಿಲ್ಲ, ಕೈಯನ್ನೇ ತನ್ನಿ ಎಂದು ಉತ್ತರ ಬಂತು. ನಾನು ಮಾತ್ರ ಮಗಳ ಕಂಪಾಸ್ ಬಾಕ್ಸಿನ ಸ್ಕೇಲ್ ಹಿಡಿದು ಗಂಟೆಗೊಮ್ಮೆ ಅಳೆಯುತ್ತಿದ್ದೆ. ಒಮ್ಮೆ ಹದಿನಾರು ಮಿಲಿಮೀಟರ್, ಒಮ್ಮೆ ಹನ್ನೊಂದು. ಎಲ್ಲಿಂದ ಕೆಂಪು ಶುರು, ಎಲ್ಲಿಗೆ ಮುಗಿಯಿತು ಎಂದೇ ತಿಳಿಯುತ್ತಿರಲಿಲ್ಲ. ಆಫೀಸಿನಲ್ಲಿ ಎರಡು ಅಂಕಿ ತಾಳೆಯಾಗದಿದ್ದರೆ ಅರ್ಜಿಯನ್ನೇ ವಾಪಸ್ ಕಳಿಸುವವಳು ನಾನು. ಈ ಕೈಯನ್ನು ಎಲ್ಲಿಗೆ ವಾಪಸ್ ಕಳಿಸುವುದು?

ಶನಿವಾರ ಬೆಳಿಗ್ಗೆ ಹೊರಡುವ ಮುಂಚೆ ಅವಳ ತಲೆ ಬಾಚಲು ಹತ್ತಿರ ಕೂರಿಸಿಕೊಂಡೆ. ಎಡಗೈ ಜಿಡ್ಡುಜಿಡ್ಡಾಗಿತ್ತು. ಮೂಗಿಗೆ ಪರಿಚಿತ ವಾಸನೆ ಬಡಿಯಿತು. ಅವಳ ದಿಂಬಿನ ಕೆಳಗೆ ಕೈಹಾಕಿದರೆ ಟ್ಯೂಬ್ ಸಿಕ್ಕಿತು, ನಡುವಿನಲ್ಲಿ ಹಿಂಡಿ ಸೊಟ್ಟಗಾಗಿ, ಮುಚ್ಚಳವಿಲ್ಲದೆ. ಅದು ಮಾವನ ತುರಿಕೆಯ ಮುಲಾಮು. ಹೋಟೆಲಿನ ಬಿಸಿ, ಬೆವರಿನಲ್ಲಿ ಅಂಟಿಕೊಂಡ ತುರಿಕೆಗೆ ಅವರು ಮೆಡಿಕಲ್ ಅಂಗಡಿಯಿಂದ ತಾವೇ ತಂದು ಹಚ್ಚುತ್ತಿದ್ದುದು. ಇದರಲ್ಲಿ ಸ್ಟೀರಾಯ್ಡ್ ಇದೆ, ಕೆಂಪನ್ನೂ ಊತವನ್ನೂ ಅಡಗಿಸಿಬಿಡುತ್ತದೆ, ಸುಮ್ಮಸುಮ್ಮನೆ ಹಚ್ಚಬೇಡಿ ಎಂದು ಹಿಂದೊಮ್ಮೆ ಚರ್ಮದ ಡಾಕ್ಟರರು ಗದರಿದ್ದು ನನ್ನೆದುರಿಗೇ.

ಅಂದರೆ ನನಗೆ ಗೊತ್ತಿತ್ತು. ಗೊತ್ತಿದ್ದೇ ಒದ್ದೆ ಬಟ್ಟೆ ತಂದು ಅವಳ ಕೈ ಒರೆಸಿದೆ. ಟ್ಯೂಬನ್ನು ಅಡಿಯಿಂದ ನೀಟಾಗಿ ಮಡಚಿ, ಮುಚ್ಚಳ ಹುಡುಕಿ ತಿರುಗಿಸಿ, ಮಾವ ಸ್ನಾನಕ್ಕೆ ಹೋಗಿದ್ದಾಗ ಬಾಲ್ಕನಿಯ ಕಟ್ಟೆಯ ಮೇಲೆ ಇಟ್ಟು ಬಂದೆ. ಯಾರು ಕೊಟ್ಟರು ಎಂದು ಮಗುವನ್ನು ಕೇಳಲಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಈಗಲೂ ಬಿಡಿಸಿ ಹೇಳಲಾರೆ. ಒಂದು ಚೂರು ಮುಲಾಮಿನಿಂದ ಏನಾಗುತ್ತದೆ ಎಂದೂ ಅನಿಸಿತ್ತು. ಏನಾದರೂ ಆಗಲಿ, ಗುಳ್ಳೆ ಸಣ್ಣದಾಗಲಿ ಎಂದೂ ಅನಿಸಿತ್ತು.

ಲ್ಯಾಬಿನಲ್ಲಿ ಟೆಕ್ನಿಶಿಯನ್ ಪ್ಲಾಸ್ಟಿಕ್ ಸ್ಕೇಲನ್ನು ಕೆಂಪಿನ ಮೇಲಿಟ್ಟು ಹದಿನಾಲ್ಕು ಎಂದು ಬರೆದ. ಅದೇ ಕಾಗದ ಹಿಡಿದು ಮಧ್ಯಾಹ್ನ ಠಾಣೆಗೆ ಹೋದೆವು. ಡಾಕ್ಟರರು ಕಾಗದವನ್ನು ಪಕ್ಕಕ್ಕಿಟ್ಟು, "ಇದು ಕೆಂಪಿನ ಅಳತೆ, ಕೆಂಪು ನಮಗೆ ಬೇಡ" ಎಂದರು. ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದ ಸವರಿದರು. ಆಮೇಲೆ ಬಾಲ್ ಪೆನ್ನನ್ನು ಒಂದು ಕಡೆಯಿಂದ ಮೆಲ್ಲಗೆ ಎಳೆಯುತ್ತ ಬಂದು, ಗಟ್ಟಿ ತಾಗಿ ಪೆನ್ನು ನಿಂತಲ್ಲಿ ಬಿಟ್ಟರು. ಇನ್ನೊಂದು ಕಡೆಯಿಂದಲೂ ಹಾಗೆಯೇ. ನಡುವೆ ಉಳಿದದ್ದನ್ನು ಅಳೆದರು. ಏಳು ಮಿಲಿಮೀಟರ್.

"ಕೈಗೆ ಏನಾದರೂ ಹಚ್ಚಿದ್ರಾ?" ಎಂದು ಕೇಳಿದರು.

"ಇಲ್ಲ, ಏನೂ ಇಲ್ಲ" ಎಂದೆ. ಮಗಳು ನನ್ನ ಮುಖ ನೋಡಿದಳು. ನಾನು ಅವಳ ಅಂಗಿಯ ತೋಳು ಕೆಳಗಿಳಿಸಿ ಗುಂಡಿ ಹಾಕಿದೆ.

ಏಳು ಎಂದರೆ ಏನು ಎಂದು ಗಂಡ ಕೇಳಿದ. ಅಲ್ಲಿಂದ ಮುಂದೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯಿತು. ಹತ್ತು ದಾಟಿದರೆ ಹೌದು ಎನ್ನುತ್ತೇವೆ. ಮನೆಯಲ್ಲೇ ರೋಗಿ ಇದ್ದರೆ ಐದಕ್ಕೇ ಹೌದು ಎನ್ನುವವರೂ ಇದ್ದಾರೆ. ಹುಟ್ಟಿದಾಗ ಹಾಕಿದ ಬಿಸಿಜಿ ಚುಚ್ಚುಮದ್ದಿನಿಂದಲೂ ಕೆಲವೊಮ್ಮೆ ಸ್ವಲ್ಪ ಗಟ್ಟಿಯಾಗುತ್ತದೆ. ಕ್ರಿಮಿ ಈಚೆಗೆ ಹೊಕ್ಕಿದ್ದರೆ ಕೈಗೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ. ಹತ್ತರ ಕೆಳಗಿದೆ, ಮಗು ಚೆನ್ನಾಗಿದೆ, ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡೋಣ ಎಂದರು. ಇಷ್ಟೆಲ್ಲದರಲ್ಲಿ ನನ್ನ ಕಿವಿಗೆ ಬಿದ್ದದ್ದು ಹತ್ತರ ಕೆಳಗೆ ಎಂಬುದೊಂದೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಮನೆಯಲ್ಲಿ ಅತ್ತೆ ಹೆಸರುಬೇಳೆ ಪಾಯಸ ಮಾಡಿದರು. ಬಾಲ್ಕನಿಯ ಹೊಸ್ತಿಲಿಗೆ ನಾನೇ ಒಂದು ಲೋಟ ಇಟ್ಟು, "ಏಳೇ ಮಿಲಿಮೀಟರ್ ಮಾವ, ಔಷಧಿ ಬೇಡವಂತೆ" ಎಂದೆ. ಅವರು ಲೋಟ ಮುಟ್ಟಲಿಲ್ಲ. "ಡಾಕ್ಟ್ರು ಮತ್ತೆಂತ ಕೇಳಿದ್ರು?" ಎಂದರು. ಮತ್ತೇನೂ ಇಲ್ಲ ಎಂದೆ. ಪಾಯಸ ಹಾಗೆಯೇ ಆರಿ ಕೆನೆಗಟ್ಟಿತು.

ಭಾನುವಾರ ಪೂರ್ತಿ ನಾನು ನನ್ನ ಜೊತೆಗೇ ವಾದ ಮಾಡಿದೆ. ಏಳು ನಿಜವಾದ ಏಳೇ ಇರಬಹುದು. ಮುಲಾಮು ಹಚ್ಚಿದ್ದು ಒಂದೇ ಸಲವಿರಬಹುದು, ಅದೂ ಕೊನೆಯಲ್ಲಿ. ಕೆಂಪು ಅಷ್ಟು ಉಳಿದಿತ್ತಲ್ಲ, ಮುಲಾಮು ಕೆಲಸ ಮಾಡಿದ್ದರೆ ಅದೂ ಹೋಗಬೇಕಿತ್ತಲ್ಲ? ಅಥವಾ ಅವಳು ತುರಿಸಿಕೊಂಡು ಕೆಂಪಾದದ್ದೋ? ಮಗಳನ್ನು ಒಂದು ಮಾತು ಕೇಳಿದರೆ ಗೊತ್ತಾಗುತ್ತಿತ್ತು. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ ಎಂದೇ ಕೇಳಲಿಲ್ಲ. ಅವಳು ಅತ್ತ ಹಾಲ್‌ನಲ್ಲಿ ಕುಣಿಯುತ್ತಿದ್ದರೆ ನಾನು ಇತ್ತ ಅವಳ ಉಸಿರು ಎಣಿಸುತ್ತಿದ್ದೆ.

ಸೋಮವಾರ ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಾವ ನನ್ನನ್ನೂ ಗಂಡನನ್ನೂ ಕರೆದರು. ಮಾಸ್ಕ್ ಹಾಕಿ ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಆ ಟ್ಯೂಬ್.

"ಇದನ್ನು ಪುಟ್ಟಿಗೆ ನಾನು ಕೊಟ್ಟದ್ದು" ಎಂದರು. ನನಗೂ ತಿಳಿಯಲಿ ಎಂದು ಮಗನೊಂದಿಗೂ ತುಳು ಬಿಟ್ಟು ಕನ್ನಡದಲ್ಲೇ ಹೇಳಿದರು. "ಗುರುವಾರ ಸಂಜೆ ಬಂದು ಅಜ್ಜ, ಖುಜಲಿ ಹೋ ರಹೀ ಹೈ, ತುರಿಸ್ತದೆ ಅಂತ ಅತ್ತಳು. ಮುಟ್ಟಬಾರ್ದಲ್ಲ ನಾನು. ನೆಲದ ಮೇಲೆ ಜಾರಿಸಿ ಕೊಟ್ಟೆ, ನೀನೇ ಹಚ್ಚಿಕೋ ಅಂದೆ. ಶುಕ್ರವಾರವೂ ನೀವು ಬರುವ ಮೊದಲು, ಮತ್ತೆ ರಾತ್ರಿ ಹಾಸಿಗೆಯಲ್ಲಿ, ಎರಡು ಮೂರು ಸಲ ಹಚ್ಚಿಕೊಂಡಳಂತೆ."

"ಹಚ್ಚಬಾರದು ಅಂತ ಇವಳು ಹೇಳಿದ್ದಳಲ್ಲ ಅಪ್ಪ!" ಗಂಡನ ದನಿ ಏರಿತು.

"ಕೇಳಿದ್ದೆ. ತುರಿಕೆಗೆ ಅಂತ ಕೊಟ್ಟದ್ದು ಹೌದು. ಆ ಊತ ಸ್ವಲ್ಪ ಇಳಿದ್ರೆ ಒಳ್ಳೇದಿತ್ತು ಅಂತಲೂ ಇತ್ತು ಮನಸ್ಸಲ್ಲಿ. ಯಾವುದು ಎಷ್ಟು ಅಂತ ನನಗೇ ಗೊತ್ತಿಲ್ಲ. ಆ ಏಳನ್ನು ನಂಬಬೇಡಿ. ನಾಳೆಯೇ ಡಾಕ್ಟ್ರಿಗೆ ಹೇಳಿ."

ಗಂಡ ಆ ದಿನ ಅಪ್ಪನಿಗೆ ಬೈದ ಹಾಗೆ ಮೊದಲೂ ಬೈದಿರಲಿಲ್ಲ, ಆಮೇಲೂ ಬೈದಿಲ್ಲ. ನಿಮ್ಮ ಕಾಯಿಲೆ ಕೊಟ್ಟದ್ದು ಸಾಲದೇ ಎಂದುಬಿಟ್ಟ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾವ ಟ್ಯೂಬ್ ಹಿಡಿದು ತಲೆ ತಗ್ಗಿಸಿ ನಿಂತೇ ಇದ್ದರು. ನನಗೂ ಗೊತ್ತಿತ್ತು ಎನ್ನಲು ಅದೇ ಹೊತ್ತು. ನಾನು ಮಾತ್ರ ಗಂಡನ ತೋಳು ಹಿಡಿದು, "ಹೋಗಲಿ ಬಿಡಿ" ಎಂದೆ, ನಾನೇ ದೊಡ್ಡ ಮನಸ್ಸಿನವಳ ಹಾಗೆ.

ಮಂಗಳವಾರ ಡಾಕ್ಟರರು ಟ್ಯೂಬನ್ನು ತಿರುಗಿಸಿ ಅದರ ಮೇಲೆ ಬರೆದದ್ದನ್ನು ಓದಿದರು. ಇಂಥ ಮುಲಾಮು ಗಟ್ಟಿಯನ್ನು ತಗ್ಗಿಸಿರಬಹುದು ಎಂದರು. ಎಷ್ಟು ತಗ್ಗಿಸಿದೆ ಎಂದು ಗಂಡ ಕೇಳಿದ. ಹೇಳಲಾಗುವುದಿಲ್ಲ. ಹಚ್ಚದಿದ್ದರೆ ಹತ್ತು ದಾಟುತ್ತಿತ್ತೇ? ಅದನ್ನೂ ಹೇಳಲಾಗುವುದಿಲ್ಲ. ರಕ್ತದ ಪರೀಕ್ಷೆ ಒಂದಿದೆ, ಅದೂ ನೂರಕ್ಕೆ ನೂರು ಅಲ್ಲ. ನನ್ನ ಮುಖ ನೋಡಿ ಅವರಿಗೆ ಕನಿಕರವಾಗಿರಬೇಕು.

"ನೋಡಿ, ನೀವು ಚರ್ಮವನ್ನೇ ನೋಡ್ತಾ ಇದೀರಿ. ಕಫದಲ್ಲಿ ಕ್ರಿಮಿ ಇದ್ದವರ ಪಕ್ಕದಲ್ಲಿ, ಮುಚ್ಚಿದ ಕೋಣೆಯಲ್ಲಿ, ಎರಡು ತಿಂಗಳು ದಿನಾ ಮಲಗಿದ ಮಗು ಇದು. ಅದೂ ಒಂದು ಪರೀಕ್ಷೆಯೇ. ಸರಿಯಾದ ಏಳಾಗಿದ್ದರೆ ಕಾಯ್ತಿದ್ದೆ. ಈ ಏಳನ್ನು ನಂಬಿ ಕಾಯೋ ಧೈರ್ಯ ನನಗಿಲ್ಲ."

ಫೈಲಿನಲ್ಲಿ ಏಳರ ಮೇಲೆ ಒಂದು ಗೆರೆ ಎಳೆದರು. ಆರು ತಿಂಗಳು ದಿನಕ್ಕೊಂದು ಸಲ ಮಾತ್ರೆ ಬರೆದುಕೊಟ್ಟರು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕಿತ್ತು. ಮೊದಲ ವಾರ ಅವಳು ಉಗಿದಳು, ಓಡಿದಳು, ಮಂಚದಡಿ ಹೊಕ್ಕಳು. ದಾರಿ ಹುಡುಕಿದ್ದು ಮಾವ. ಹೊಸ್ತಿಲ ಆಚೆ ಅವರು, ಈಚೆ ಅವಳು, ಇಬ್ಬರ ಮುಂದೂ ಒಂದೊಂದು ಲೋಟ ನೀರು. ಅವರು "ಒಂದು, ಎರಡು" ಎಂದರೆ ಅವಳು "ತೀನ್" ಎಂದು ಬಾಯಿಗೆ ಹಾಕಿಕೊಳ್ಳುವಳು. ಇನ್ನು ಅವರಿಂದ ಹರಡುವ ಭಯವಿಲ್ಲ ಎಂದು ಕೇಂದ್ರದವರು ಹೇಳಿದ ಮೇಲೆ ಹೊಸ್ತಿಲು ಬಿಟ್ಟು ಊಟದ ಮೇಜಿಗೆ ಬಂದರು. ಗುರುತಿನ ತಟ್ಟೆ ಎಲ್ಲರ ತಟ್ಟೆಗಳೊಳಗೆ ಸೇರಿಹೋಯಿತು, ಈಗಲೂ ಒಮ್ಮೊಮ್ಮೆ ನನ್ನ ಪಾಲಿಗೆ ಬರುತ್ತದೆ. ಮಾವನ ಔಷಧಿ ಅವಳಿಗಿಂತ ಒಂದು ತಿಂಗಳು ಮೊದಲೇ ಮುಗಿಯಿತು. ಆಮೇಲೂ ಅವರು ಬೆಳಿಗ್ಗೆ ಅವಳೆದುರು ಕುಳಿತು, ಒಂದು ಪೆಪ್ಪರ್‌ಮಿಂಟನ್ನು ಮಾತ್ರೆಯ ಹಾಗೆ ಮುಖ ಹಿಂಡಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಆರು ತಿಂಗಳಲ್ಲಿ ಗಂಡ ಅಪ್ಪನೊಂದಿಗೆ ಮಾತಾಡಿದ್ದು ಬೇಕಾದಷ್ಟೇ. ನಾನು ಅದನ್ನು ದಿನಾ ನೋಡಿದೆ, ದಿನಾ ನಾಳೆ ಹೇಳೋಣ ಎಂದುಕೊಂಡೆ.

ಕೊನೆಯ ಮಾತ್ರೆ ನುಂಗಿದ ಬೆಳಿಗ್ಗೆ ಮಗಳು ಖಾಲಿ ಪಟ್ಟಿಯನ್ನು ಬಾವುಟದಂತೆ ಆಡಿಸುತ್ತ ಅಜ್ಜಿಗೆ ತೋರಿಸಲು ಓಡಿದಳು. ಮೇಜಿನ ಬಳಿ ಮಾವ, ನಾನು ಇಬ್ಬರೇ. ಲೋಟಗಳನ್ನು ಎತ್ತುತ್ತ, ಅವರ ಕಡೆ ನೋಡದೆ ಹೇಳಿದೆ.

"ಮಾವ, ಆ ಶನಿವಾರ ಬೆಳಿಗ್ಗೆ ಟ್ಯೂಬ್ ನನಗೆ ಸಿಕ್ಕಿತ್ತು. ಅವಳ ಕೈ ಒರೆಸಿದ್ದೂ ನಾನೇ. ಡಾಕ್ಟರ್ ಕೇಳಿದಾಗ ಇಲ್ಲ ಅಂದೆ."

"ಗೊತ್ತುಂಟು" ಎಂದರು.

ನಾನು ತಿರುಗಿದೆ.

"ಮಗುವಿನ ಕೈಗೆ ಕೊಟ್ಟ ಟ್ಯೂಬ್, ಕಟ್ಟೆ ಮೇಲೆ ಬಂದು ಕೂತಿತ್ತು. ಅಡಿಯಿಂದ ನೀಟಾಗಿ ಮಡಚಿ, ಮುಚ್ಚಳ ಹಾಕಿ. ಈ ಮನೆಯಲ್ಲಿ ಟೂತ್‌ಪೇಸ್ಟನ್ನು ಹಾಗೆ ಮಡಚಿ ಇಡುವವಳು ನೀನೊಬ್ಬಳೇ ಅಲ್ವಾ? ನೀನು ಹೇಳಿರ್ತಿ ಅಂತಿದ್ದೆ. ಪಾಯಸ ತಂದೆಯಲ್ಲ, ಆಗ ಗೊತ್ತಾಯ್ತು ಹೇಳ್ಲಿಲ್ಲ ಅಂತ. ನಾಳೆ ಹೇಳ್ತಿ, ನಾಳೆ ಹೇಳ್ತಿ ಅಂತ ಎರಡು ದಿನ ಕಾದೆ."

"ಮತ್ತೆ ನಿಮ್ಮ ಮಗನಿಗೆ ಯಾಕೆ ಹೇಳಲಿಲ್ಲ? ಅಷ್ಟೊಂದು ಬೈಸಿಕೊಂಡ್ರಲ್ಲ."

ಮಾವ ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು.

"ನನಗೆ ಹೇಗೂ ಬೈಗಳು ಬೀಳ್ಲಿಕ್ಕೆ ಇತ್ತು. ಇಬ್ಬರಿಗೆ ಯಾಕೆ?" ಎಂದರು.

ಸಂಜೆ ಗಂಡ ಬಂದ ಮೇಲೆ ಅವನಿಗೂ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. ಚಪ್ಪಲಿಯನ್ನೂ ಬಿಡದೆ ನೇರವಾಗಿ ಬಾಲ್ಕನಿಗೆ ಹೋಗಿ ಅಪ್ಪನ ಪಕ್ಕ ಕುಳಿತುಕೊಂಡ. ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸುತ್ತಿತ್ತು, ಘಾಟು ಒಳಗೆಲ್ಲ ತುಂಬಿತ್ತು. ಅತ್ತೆ ಕಿಟಕಿ ಎಳೆಯಲು ಕೈಚಾಚಿ, ಇಬ್ಬರನ್ನೂ ನೋಡಿ, ಹಾಗೆಯೇ ಬಿಟ್ಟರು.